ಯೂಸ್‌ನೆಟ್ ಬರೆಹಗಳು: ಉಳಿದದ್ದೆಷ್ಟು, ಓದಲಾಗುವುದೆಷ್ಟು?

2024ರ ಫೆಬ್ರವರಿ 22ರಂದು ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ನೊಂದಿಗಿನ ಸಂಪರ್ಕವನ್ನು ಕಡಿದುಕೊಂಡಿತು. ಅಂದಿನಿಂದ ಆ ತಾಣದ ಮೂಲಕ ಯೂಸ್‌ನೆಟ್ ಗುಂಪುಗಳಿಗೆ ಹೊಸದಾಗಿ ಬರೆಯಲಾಗದು. ಬೇರೆ ಕಡೆಯಿಂದ ಬರೆದ ಹೊಸ ಬರೆಹಗಳು ಅಲ್ಲಿ ಕಾಣಿಸುವುದೂ ಇಲ್ಲ. ಹಿಂದಿನವನ್ನು ಮಾತ್ರ ನೋಡಬಹುದು. ನಮ್ಮ ಸಾಹಿತ್ಯ ವಲಯದಲ್ಲಿ ಈ ಬಗೆಗೆ ಚರ್ಚೆ ನಡೆದುದನ್ನು ನಾನು ಕಂಡಿಲ್ಲ. ಹಸ್ತಪ್ರತಿಗಳ ನಾಶಕ್ಕೆ ಮರುಗುವ ನಾವು, ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿರುವ ಇನ್ನೊಂದು ಬಗೆಯ ಲಿಖಿತ ಪರಂಪರೆಯ ವಿಷಯದಲ್ಲಿ ಉದಾಸೀನರಾಗಿದ್ದೇವೆ ಎಂಬುದು ಈ ಬರೆಹದ ಆಕ್ಷೇಪ.

ಯೂಸ್‌ನೆಟ್ಟಿನ ಕಲ್ಪನೆ ಮೂಡಿದ್ದು 1979ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರಲ್ಲಿ. ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅದರ ಮೊದಲ ತಂತ್ರಾಂಶವನ್ನು ಬರೆದರು. ದೂರವಾಣಿ ತಂತಿಯ ಮೂಲಕ ಒಂದು ಗಣಕ ಇನ್ನೊಂದನ್ನು ಕರೆದು, ತನ್ನಲ್ಲಿರುವ ಹೊಸ ಬರೆಹಗಳನ್ನು ಅದಕ್ಕೆ ಒಪ್ಪಿಸುವುದು ಇಲ್ಲಿನ ಕ್ರಮ. ಕೇಂದ್ರವೆಂಬುದಿಲ್ಲ, ಒಡೆಯನೆಂಬವನಿಲ್ಲ. ಒಂದು ಊರಿನಲ್ಲಿ ಬರೆದದ್ದು ಕೈಯಿಂದ ಕೈಗೆ ದಾಟುತ್ತ ನೂರಾರು ಊರುಗಳಲ್ಲಿ ನೂರಾರು ಪ್ರತಿಗಳಾಗಿ ನೆಲೆಸುತ್ತಿತ್ತು. ಲಿನಸ್ ಟೊರ್ವಾಲ್ಡ್ಸ್ ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದು 1991ರ ಆಗಸ್ಟ್ 25ರಂದು ತಿಳಿಸಿದ್ದು ಇಂಥ ಒಂದು ಸುದ್ದಿಗುಂಪಿನಲ್ಲಿ. ಅದೇ ತಿಂಗಳು ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್ ಯೋಜನೆಯನ್ನು ಪರಿಚಯಿಸಿದ್ದೂ ಮತ್ತೊಂದು ಗುಂಪಿನಲ್ಲಿ. ಆಧುನಿಕ ಗಣಕಯುಗದ ಶಾಸನಗಳೆನ್ನಬಹುದಾದ ಬರೆಹಗಳಿವು.

ಇಷ್ಟು ಪ್ರತಿಗಳಿದ್ದೂ ಯೂಸ್‌ನೆಟ್ ತನ್ನ ನೆನಪನ್ನು ತಾನು ಕಾಯ್ದುಕೊಳ್ಳುವಂತೆ ರಚನೆಗೊಂಡಿರಲಿಲ್ಲ. ಆ ಕಾಲದಲ್ಲಿ ಡಿಸ್ಕ್ ದುಬಾರಿ. ಆದುದರಿಂದ ಪ್ರತಿಯೊಂದು ಸರ್ವರ್ ಕೂಡ ಕೆಲವು ದಿನ ಅಥವಾ ಕೆಲವು ವಾರಗಳ ಅವಧಿ ಮುಗಿದೊಡನೆ ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುತ್ತಿತ್ತು. ಎಲ್ಲೆಲ್ಲೂ ಇದ್ದದ್ದು ಎಲ್ಲೆಲ್ಲೂ ಏಕಕಾಲಕ್ಕೆ ಇಲ್ಲವಾಗುವ ವ್ಯವಸ್ಥೆಯಿದು. ಓಲೆಗರಿಯ ಪ್ರತಿಗಳು ಗೆದ್ದಲಿಗೆ, ಬೆಂಕಿಗೆ, ಅನಾದರಕ್ಕೆ ಒಂದೊಂದಾಗಿ ಬಲಿಯಾದವು. ಇಲ್ಲಿಯಾದರೋ ಅಳಿವು ನಿಯಮದ ಭಾಗವೇ ಆಗಿತ್ತು.

ಆದರೂ ಆರಂಭದ ದಶಕದ ಬರೆಹಗಳು ನಮಗೆ ದಕ್ಕಿವೆಯಾದರೆ ಅದಕ್ಕೆ ಕಾರಣ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಣಕಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್. 1981ರಿಂದ 1991ರವರೆಗೆ ಅವರು ಬರೆಹಗಳನ್ನು ಕಾಂತಪಟ್ಟಿಗಳಲ್ಲಿ ತೆಗೆದಿರಿಸಿದರು. ಒಟ್ಟು 141 ಪಟ್ಟಿಗಳು, ಸುಮಾರು 20 ಲಕ್ಷ ಬರೆಹಗಳು. ಮುಂದೆ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಡೇವಿಡ್ ವೈಸ್‌ಮನ್ ಮತ್ತು ಸಂಗಡಿಗರು ಆ ಪಟ್ಟಿಗಳನ್ನು ಓದಿ ಹೊರತೆಗೆದರು. ಇತ್ತ 1995ರಿಂದ ಡೆಜಾ ನ್ಯೂಸ್ ಎಂಬ ಸಂಸ್ಥೆ ಯೂಸ್‌ನೆಟ್ಟನ್ನು ಸಂಗ್ರಹಿಸಿ ಹುಡುಕುವ ಅನುಕೂಲವನ್ನು ಕಲ್ಪಿಸಿತ್ತು. 2001ರ ಫೆಬ್ರವರಿಯಲ್ಲಿ ಗೂಗಲ್ ಆ ಸಂಗ್ರಹವನ್ನು ಕೊಂಡಿತು. ಟೊರಾಂಟೊ ಪಟ್ಟಿಗಳನ್ನೂ ಇತರರಿಂದ ದೊರೆತುದನ್ನೂ ಸೇರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ 20 ವರ್ಷಗಳ, 70 ಕೋಟಿಗೂ ಮಿಕ್ಕ ಬರೆಹಗಳ ಭಂಡಾರವನ್ನು ಎಲ್ಲರಿಗೂ ತೆರೆಯಿತು.

ಅದು ಸ್ತುತ್ಯರ್ಹ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಂಚಿಹೋಗಿದ್ದುದು ಒಂದೆಡೆ ಕೂಡಿದಾಗ ಅನುಕೂಲದ ಜೊತೆಗೆ ಅಪಾಯವೂ ಕೂಡಿಕೊಂಡಿತು. ಗೂಗಲ್ಲಿನಲ್ಲಿದೆಯಲ್ಲ ಎಂಬ ನೆಮ್ಮದಿಯಲ್ಲಿ ಉಳಿದವರು ಕೈಬಿಟ್ಟರು. ಯೂಸ್‌ನೆಟ್ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಸರ್ವರನ್ನು ಮುಚ್ಚಿತು. ಇತ್ತ ಭಂಡಾರದಲ್ಲಿ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಬಂದಿತೆಂದು ಬಳಸುವವರು ದೂರುತ್ತಲೇ ಇದ್ದರು. ಭಂಡಾರವಿದ್ದೂ ಬೀಗದ ಕೈ ನಮ್ಮಲ್ಲಿಲ್ಲ ಎಂಬ ಸ್ಥಿತಿಯಿದು. ಬೀಗದ ಕೈ ಇರುವವರು ವ್ಯಾಪಾರಿಗಳು. ಲಾಭವಿಲ್ಲದುದನ್ನು ಕಾಯಬೇಕೆಂಬ ಕಟ್ಟುಪಾಡು ಅವರಿಗಿಲ್ಲ.

ಸಂಗ್ರಹದ ಪ್ರಶ್ನೆಗೆ ಅಂಟಿಕೊಂಡೇ ಬರುವುದು ಓದುವ ಸಾಧನದ ಪ್ರಶ್ನೆ. ಯೂಸ್‌ನೆಟ್ಟನ್ನು ಓದಲು ನ್ಯೂಸ್‌ರೀಡರ್ ಎಂಬ ಪ್ರತ್ಯೇಕ ತಂತ್ರಾಂಶ ಬೇಕು. 1984ರಲ್ಲಿ ಲ್ಯಾರಿ ವಾಲ್ ಬರೆದ ಆರ್‌ಎನ್, ಸಂವಾದದ ಎಳೆಗಳನ್ನು ಬಿಡಿಸಿ ತೋರಿಸುತ್ತಿದ್ದ ಟಿಆರ್‌ಎನ್, ಟಿನ್, ಎಸ್‌ಎಲ್‌ಆರ್‌ಎನ್, ವಿಂಡೋಸಿನ ಫೋರ್ಟೆ ಏಜೆಂಟ್ ಮೊದಲಾದವು ಈ ವರ್ಗದವು. ನಿತ್ಯದ ಓದಿಗೆ ಇವು ಜಾಣ ಸಾಧನಗಳು. ಯಾವುದನ್ನು ಓದಿಯಾಯಿತು, ಯಾವುದು ಬಾಕಿ ಎಂಬುದನ್ನು ನೆನಪಿಡುತ್ತವೆ; ಬೇಡವಾದವರ ಬರೆಹಗಳನ್ನು ಮರೆಮಾಡುತ್ತವೆ. ಆದರೆ ಇವುಗಳ ಹುಟ್ಟೇ ಇಂದಿನದನ್ನು ಓದಿ ನಾಳೆ ಮರೆಯುವುದಕ್ಕೆ. ಓದಿದ್ದರ ಲೆಕ್ಕವನ್ನು ಇವು ಕ್ರಮಸಂಖ್ಯೆಯ ಮೇಲೆ ಇಡುತ್ತವೆ. ಆ ಕ್ರಮಸಂಖ್ಯೆಯಾದರೋ ಒಂದೊಂದು ಸರ್ವರಿನಲ್ಲಿ ಒಂದೊಂದು. ಸರ್ವರ್ ಬದಲಾಯಿಸಿದರೆ ವರ್ಷಗಳ ಲೆಕ್ಕವೆಲ್ಲ ಬುಡಮೇಲು: ಓದಿದ್ದು ಓದದ್ದಾಗಿ, ಓದದ್ದು ಓದಿದ್ದಾಗಿ ಕಾಣಿಸುತ್ತದೆ. ಪ್ರತಿಯೊಂದು ಬರೆಹಕ್ಕೂ ಲೋಕದಲ್ಲೆಲ್ಲ ಒಂದೇ ಆದ ಗುರುತುಚೀಟಿಯೊಂದು ತಲೆಸಾಲಿನಲ್ಲಿ ಇದ್ದೇ ಇರುತ್ತದೆ. ಅದನ್ನು ಬಿಟ್ಟು ಸ್ಥಳೀಯ ಸಂಖ್ಯೆಗೆ ಜೋತುಬಿದ್ದದ್ದು ಅಂದಿನ ವೇಗದ ದೃಷ್ಟಿಯಿಂದ ಸರಿಯಾಗಿದ್ದಿರಬಹುದು. ಸಂಶೋಧಕನಿಗೆ ಮಾತ್ರ ಅದು ತೊಡಕು.

ಹಳೆಯ ಸಂಗ್ರಹವೊಂದನ್ನು ತೆರೆದು ಕುಳಿತವರಿಗೆ ತೊಡಕುಗಳ ಸರಣಿಯೇ ಎದುರಾಗುತ್ತದೆ. ನ್ಯೂಸ್‌ರೀಡರ್ ಸರ್ವರನ್ನು ಕೇಳುತ್ತದೆ. ನಮ್ಮ ಕೈಯಲ್ಲಿರುವುದು ಕಡತ. ಆದುದರಿಂದ ಒಂದೋ ಮನೆಯಲ್ಲೇ ಪುಟ್ಟ ಸರ್ವರನ್ನು ಹೂಡಬೇಕು, ಇಲ್ಲವೇ ಬರೆಹಗಳನ್ನು ಮಿಂಚಂಚೆಯ ರೂಪಕ್ಕೆ ತಿರುಗಿಸಬೇಕು. ಮಿಂಚಂಚೆಯ ಹಳೆಯ ಕಡತರೂಪದಲ್ಲಿ ಒಂದು ಪತ್ರ ಮುಗಿದು ಇನ್ನೊಂದು ಆರಂಭವಾಗುವುದನ್ನು ‘ಫ್ರಮ್’ ಎಂಬ ಪದದಿಂದ ಆರಂಭವಾಗುವ ಸಾಲು ಸೂಚಿಸುತ್ತದೆ. ಬರೆದವರು ತಮ್ಮ ವಾಕ್ಯವನ್ನು ಅದೇ ಪದದಿಂದ ಆರಂಭಿಸಿದ್ದರೆ ಒಂದು ಬರೆಹ ಎರಡಾಗಿ ಸೀಳಿಹೋಗಬಹುದು. ಹಲವು ಗುಂಪುಗಳಿಗೆ ಒಟ್ಟಿಗೆ ಕಳಿಸಿದ ಬರೆಹ ಪ್ರತಿ ಗುಂಪಿನ ಕಡತದಲ್ಲೂ ಪುನರಾವರ್ತನೆಯಾಗುತ್ತದೆ. 1980ರ ಸುಮಾರಿನ ಮೊದಲ ತಂತ್ರಾಂಶದ ತಲೆಸಾಲಿನ ವಿನ್ಯಾಸವೇ ಬೇರೆ. ಇಂದಿನ ಸಾಧನಗಳಿಗೆ ಅದು ಹಳಗನ್ನಡ ಲಿಪಿಯ ಶಾಸನದಂತೆ. ನಾನು ಬಳಸಿದ ಒಂದು ತಂತ್ರಾಂಶ ಹಳೆಯ ತೇದಿಗಳನ್ನು ಅರಿಯದೆ ಎಲ್ಲವನ್ನೂ ಕಡತ ತೆರೆದ ದಿನದ ತೇದಿಗೆ ಸೇರಿಸಿಟ್ಟಿತು. ಪ್ರಶ್ನೆಗಿಂತ ಮೊದಲು ಉತ್ತರ, ಉತ್ತರಕ್ಕೆ ಮೊದಲು ಖಂಡನೆ!

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಇದಾವುದೂ ಅಪರಿಚಿತವಲ್ಲ. ಯೂಸ್‌ನೆಟ್ ಬರೆಹದ ತಲೆಸಾಲುಗಳಲ್ಲಿ ‘ಪಾತ್’ ಎಂಬುದೊಂದಿದೆ. ಆ ಬರೆಹ ಯಾವ ಯಾವ ಗಣಕಗಳನ್ನು ಹಾದು ಬಂದಿತೆಂಬುದನ್ನು ಅದು ಒಂದರ ಪಕ್ಕಕ್ಕೆ ಒಂದರಂತೆ ದಾಖಲಿಸುತ್ತದೆ. ಆದ್ದರಿಂದ ಬೇರೆ ಬೇರೆ ಕಡೆ ಉಳಿದ ಪ್ರತಿಗಳಲ್ಲಿ ಒಡಲು ಒಂದೇ ಇದ್ದರೂ ಈ ಸಾಲು ಬೇರೆ ಬೇರೆ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ಬರೆದಿಡುವ ಪುಷ್ಪಿಕೆಯನ್ನು ನಾವು ಎಷ್ಟು ಆಸ್ಥೆಯಿಂದ ಗಮನಿಸುತ್ತೇವೆ! ಪ್ರತಿಯ ಪರಂಪರೆಯನ್ನು ತಿಳಿಯಲು ಅದೇ ಆಧಾರ. ಸಂಗ್ರಹಿಸುವ ಉತ್ಸಾಹದಲ್ಲಿ ಅನೇಕರು ಮೊದಲು ಕಿತ್ತೊಗೆಯುವುದು ಈ ತಲೆಸಾಲುಗಳನ್ನೇ. ಅಂದವಾಗಿ ಕಾಣಬೇಕೆಂಬ ಹಂಬಲದಲ್ಲಿ ಆಧಾರವನ್ನೇ ಅಳಿಸುವುದು ಸಂಪಾದನೆಯಲ್ಲ.

ಇದೆಲ್ಲ ಕನ್ನಡಕ್ಕೆ ಏಕೆ ಮುಖ್ಯ ಎಂದು ಕೇಳುವವರಿರಬಹುದು. ಯೂಸ್‌ನೆಟ್ಟಿನಲ್ಲಿ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪೊಂದಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಜಾಲದಲ್ಲಿ ಬರೆಯುತ್ತಿದ್ದ ಕನ್ನಡಿಗರಲ್ಲಿ ಹೆಚ್ಚಿನವರು ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಇದ್ದವರು. ಕನ್ನಡ ಲಿಪಿಗೆ ಅಲ್ಲಿ ಆಸ್ಪದವಿರಲಿಲ್ಲವಾಗಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಮೂಡಿಸಿದರು. ಣಕಾರ ಳಕಾರಗಳಿಗೆ ದೊಡ್ಡಕ್ಷರ, ದೀರ್ಘಕ್ಕೆ ಜೋಡಿ ಸ್ವರ ಎಂಬಂಥ ರೂಢಿಗಳನ್ನು ತಾವೇ ಕಟ್ಟಿಕೊಂಡರು. ಭಾಷೆಯೊಂದು ಪರಲಿಪಿಯಲ್ಲಿ ತನ್ನನ್ನು ಒಗ್ಗಿಸಿಕೊಂಡ ಬಗೆಯನ್ನು ತಿಳಿಯಲು ಇದಕ್ಕಿಂತ ನೇರವಾದ ಸಾಮಗ್ರಿ ಬೇರೆಲ್ಲಿ ದೊರೆತೀತು? ಆದರೆ ಇಂದಿನ ಸಾಮಾನ್ಯ ಹುಡುಕುಯಂತ್ರಗಳು ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ಎಣಿಸುವುದಿಲ್ಲ. ಅವುಗಳ ಪಾಲಿಗೆ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ, ‘ಬಳೆ’ಯೂ ‘ಬಲೆ’ಯೂ ಒಂದೇ. ಬರೆದವರು ಎಚ್ಚರದಿಂದ ಉಳಿಸಿದ ಭೇದವನ್ನು ಓದಿಸುವ ಯಂತ್ರ ಅಳಿಸುತ್ತದೆ. ಕನ್ನಡ ಬಲ್ಲವರು ಈ ಕೆಲಸದಲ್ಲಿ ಕೈಯಿಕ್ಕದೆ ಇದು ಸರಿಹೋಗದು.

ಒಂದು ಪ್ರಬಲ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಯೌವನದಲ್ಲಿ ಸಂಜೆಯ ಹರಟೆಯೆಂಬಂತೆ ಬರೆದದ್ದನ್ನು ದಶಕಗಳ ಮೇಲೆ ಎತ್ತಿ ತೋರಿಸುವುದು ನ್ಯಾಯವೇ? ಬರೆಹಗಳು ಕೆಲವು ವಾರಗಳಲ್ಲಿ ಅಳಿಯುತ್ತವೆಂಬ ನಂಬಿಕೆಯಿಂದಲೇ ಅನೇಕರು ಬರೆದಿದ್ದರು. ಸಂಗ್ರಹಿಸಬೇಡಿ ಎಂದು ಸೂಚಿಸುವ ತಲೆಸಾಲೊಂದು ಬಳಕೆಗೆ ಬಂದದ್ದೂ ಈ ಅಳುಕಿನಿಂದಲೇ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಬರೆದವರೇ ಕೇಳಿಕೊಂಡಾಗ ಅವರ ಬರೆಹವನ್ನು ಸಾರ್ವಜನಿಕ ನೋಟದಿಂದ ಹಿಂತೆಗೆಯಬೇಕು. ಆದರೆ ಒಬ್ಬರ ಬರೆಹವನ್ನು ತೆಗೆದರೂ ಅದರ ಸಾಲುಗಳು ಇತರರ ಉತ್ತರಗಳಲ್ಲಿ ಉದ್ಧೃತವಾಗಿ ಉಳಿದೇ ಇರುತ್ತವೆ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ನಮಗೆ ದೊರೆತಿಲ್ಲ, ‘ಕಾವ್ಯಾವಲೋಕನ’, ‘ಸೂಕ್ತಿಸುಧಾರ್ಣವ’ದಂಥ ಕೃತಿಗಳಲ್ಲಿ ಉದ್ಧೃತವಾದ ಪದ್ಯಗಳಿಂದಲೇ ಅವುಗಳ ಸ್ವರೂಪವನ್ನು ಊಹಿಸುತ್ತೇವೆ. ಬಿಡಿ ಸಾಲುಗಳಿಂದ ಇಡಿಯನ್ನು ಊಹಿಸುವಾಗ ಎಷ್ಟು ಅನ್ಯಾಯವಾಗಬಹುದೆಂಬುದು ನಮಗೆ ತಿಳಿದದ್ದೇ. ಪೂರ್ಣ ಬರೆಹವನ್ನು ಅಳಿಸಿ, ಎದುರಾಳಿ ಆಯ್ದ ತುಣುಕನ್ನು ಮಾತ್ರ ಉಳಿಸುವುದು ಬರೆದವರಿಗೂ ಹಿತವಲ್ಲ. ನಿಗದಿತ ವರ್ಷಗಳವರೆಗೆ ಮುಚ್ಚಿಟ್ಟು, ಅಧ್ಯಯನಕ್ಕೆ ಮಾತ್ರ ತೆರೆಯುವ ಪತ್ರಾಗಾರದ ಕ್ರಮ ಇಲ್ಲಿಗೂ ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕನ್ನಡಕ್ಕೆ ಸಂಬಂಧಿಸಿದ ಗುಂಪುಗಳ ಬರೆಹಗಳನ್ನು ತಲೆಸಾಲುಗಳ ಸಮೇತ, ಯಾವ ಒಂದು ತಂತ್ರಾಂಶಕ್ಕೂ ಅಡಿಯಾಳಾಗದ ಸರಳ ಪಠ್ಯಕಡತಗಳಲ್ಲಿ ಇರಿಸಬೇಕು. ಎರಡನೆಯದಾಗಿ, ಗುರುತುಚೀಟಿಯ ಆಧಾರದಿಂದ ಪುನರಾವರ್ತನೆಗಳನ್ನು ಗುರುತಿಸಬೇಕು, ಅಳಿಸಬಾರದು. ಮೂರನೆಯದಾಗಿ, ಮೂಲವನ್ನು ಮುಟ್ಟದೆ ಕನ್ನಡ ಲಿಪಿಯ ಪರಿವರ್ತಿತ ಪಾಠವನ್ನು ಪಕ್ಕದಲ್ಲಿ ಸಿದ್ಧಪಡಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳಿಗೆ ಇದಕ್ಕಿಂತ ಸಹಜವಾದ ಹೊಸ ಕ್ಷೇತ್ರವಿಲ್ಲ. ಗಣಕವಿಜ್ಞಾನದ ಒಬ್ಬ ವಿದ್ಯಾರ್ಥಿ, ಕನ್ನಡದ ಒಬ್ಬ ವಿದ್ಯಾರ್ಥಿ ಜೊತೆಗೂಡಿದರೆ ಒಂದು ಒಳ್ಳೆಯ ಸಂಶೋಧನ ಪ್ರಬಂಧಕ್ಕೆ ಬೇಕಾದಷ್ಟು ವಸ್ತು ಇಲ್ಲಿದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಪ್ರತಿಗಳು ಹಲವು ಇರಬೇಕು, ಹಲವರ ಕೈಯಲ್ಲಿರಬೇಕು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ, ಎಷ್ಟೇ ಭದ್ರವಾದ ಭಂಡಾರವಾದರೂ ಒಂದೇ ಆಗಿದ್ದರೆ ಸಾಲದೆಂಬುದನ್ನು ಹತ್ತನೆಯ ಶತಮಾನದಲ್ಲೇ ಅರಿತಿದ್ದಳು. ಅವಳಿಗೆ ಸಾವಿರ ಓಲೆಕಟ್ಟುಗಳ ವೆಚ್ಚವಿತ್ತು. ನಮಗೆ ಪ್ರತಿ ಮಾಡುವ ವೆಚ್ಚ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲದಿರುವುದು ಸಂಕಲ್ಪ ಮಾತ್ರ. ಆ ಗುಂಪುಗಳಲ್ಲಿ ಬರೆದವರ ಹಳೆಯ ಗಣಕಗಳಲ್ಲಿ, ಫ್ಲಾಪಿಗಳಲ್ಲಿ ಇನ್ನೂ ಎಷ್ಟೋ ಉಳಿದಿರಬಹುದು. ಅವು ಕಸದ ಬುಟ್ಟಿಗೆ ಸೇರುವ ಮುನ್ನ, ಬರೆದವರು ನೆನಪಿನಿಂದ ವಿವರಿಸಬಲ್ಲ ಸ್ಥಿತಿಯಲ್ಲಿರುವಾಗಲೇ, ಈ ಕೆಲಸ ಆರಂಭವಾಗಬೇಕು.