ಡೆಸ್ಟ್ರಾಯರ್‌ಗಳ ಬಿಡಿಭಾಗದ ಲೆಕ್ಕ ಯಾರು ಕೊಡಬೇಕು?



ಹೊಸ ಡೆಸ್ಟ್ರಾಯರ್ ನೌಕಾಪಡೆಗೆ ಸೇರಿದಾಗಲೆಲ್ಲ ‘ಶೇ 75ರಷ್ಟು ಸ್ವದೇಶಿ’ ಎಂಬ ಘೋಷಣೆ ಕೇಳುತ್ತೇವೆ. 2025ರ ಜನವರಿಯಲ್ಲಿ ವಿಶಾಖಪಟ್ಟಣಂ ವರ್ಗದ ಕೊನೆಯ ಹಡಗು ಐಎನ್‌ಎಸ್ ಸೂರತ್ ಸೇರಿದಾಗಲೂ ಕೇಳಿದೆವು. ಅದನ್ನು ಕಟ್ಟಿದ ಮುಂಬೈಯ ಮಝಗಾಂವ್ ಡಾಕ್‌ನ ಸಾಧನೆ ಸಣ್ಣದಲ್ಲ. ಆದರೆ ಉಳಿದ ಶೇ 25ರಲ್ಲಿ ಏನೇನಿದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹಡಗನ್ನು ಓಡಿಸುವ ಗ್ಯಾಸ್ ಟರ್ಬೈನ್‌ಗಳೇ ಅದರಲ್ಲಿವೆ. ಈ ವರ್ಗಕ್ಕೂ, ಹಿಂದಿನ ಕೋಲ್ಕತ್ತ ವರ್ಗಕ್ಕೂ, ನಮ್ಮ ಮೈಸೂರಿನ ಹೆಸರಿನ ಹಡಗಿರುವ ದೆಹಲಿ ವರ್ಗಕ್ಕೂ ಟರ್ಬೈನ್ ಬಂದದ್ದು ಉಕ್ರೇನಿನ ಮೈಕೊಲಾಯಿವ್ ನಗರದ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯಿಂದ. 1980ರಲ್ಲಿ ಸೇರಿದ ಐಎನ್‌ಎಸ್ ರಜಪೂತ್ ಹಡಗನ್ನು ಕಟ್ಟಿದ್ದೂ ಅದೇ ಊರಿನಲ್ಲಿ. 2022ರಲ್ಲಿ ಆ ಊರಿನ ಮೇಲೆ ರಷ್ಯಾದ ಕ್ಷಿಪಣಿಗಳು ಬಿದ್ದವು.

ಟರ್ಬೈನ್ ಪೂರೈಕೆಗೆ ಹೀಗೆ ಕುತ್ತು ಬರುವುದು ಯಾರೂ ಊಹಿಸಲಾಗದ ಆಪತ್ತಾಗಿರಲಿಲ್ಲ. 2014ರಲ್ಲಿ ಕ್ರಿಮಿಯಾ ಕೈತಪ್ಪಿದ ಮೇಲೆ ಉಕ್ರೇನ್ ರಷ್ಯಾಕ್ಕೆ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ರಷ್ಯಾ ತನಗಾಗಿ ಕಟ್ಟುತ್ತಿದ್ದ ಫ್ರಿಗೇಟ್‌ಗಳು ಎಂಜಿನ್ ಇಲ್ಲದೆ ನಿಂತವು. ಅವುಗಳಲ್ಲಿ ಎರಡನ್ನು ನಾವೇ ಕೊಂಡು, ಟರ್ಬೈನ್‌ಗಳನ್ನು ಉಕ್ರೇನಿನಿಂದ ನಾವೇ ತರಿಸಿಕೊಟ್ಟೆವು. ಅವೇ ಇಂದಿನ ತುಶಿಲ್ ಮತ್ತು ತಮಾಲ್. ಅದಕ್ಕೂ ಮುನ್ನ, 1998ರ ಪೋಖರಣ್ ಪರೀಕ್ಷೆಯ ನಂತರದ ಅಮೆರಿಕದ ನಿರ್ಬಂಧದಿಂದಾಗಿ, ಬಿಡಿಭಾಗ ಸಿಗದೆ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳು ನೆಲ ಹಿಡಿದಿದ್ದವು. ಎರಡು ಸಲ ಪೆಟ್ಟು ಕಣ್ಣೆದುರೇ ಬಿದ್ದರೂ ಎಚ್ಚರಗೊಳ್ಳದಿದ್ದರೆ ಹೇಗೆ?

ದುರಸ್ತಿಗೆ ವಿಶಾಖಪಟ್ಟಣದಲ್ಲಿ ನೌಕಾಪಡೆಯ ಟರ್ಬೈನ್ ಕಾರ್ಯಾಗಾರ ಐಎನ್‌ಎಸ್ ಏಕ್ಸಿಲಾ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅಲ್ಲಿನವರ ಕೈಚಳಕಕ್ಕೆ ನಮಸ್ಕಾರ. ಆದರೆ ಟರ್ಬೈನ್ ಬಿಚ್ಚಿ ಜೋಡಿಸುವುದು ಒಂದು ವಿದ್ಯೆ, ಅದರ ಬ್ಲೇಡ್ ಎರಕ ಹೊಯ್ಯುವುದು ಬೇರೆಯೇ ವಿದ್ಯೆ. ಕೆಂಡದಂತೆ ಕಾದ ಅನಿಲದ ನಡುವೆ ತಿರುಗುವ, ಸಮುದ್ರದ ಉಪ್ಪುಗಾಳಿಯೂ ತಿನ್ನುವ ಆ ನಿಕ್ಕಲ್ ಮಿಶ್ರಲೋಹದ ಬ್ಲೇಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ತೆಗೆದು ಹೊಸದು ಹಾಕಬೇಕು. ಹೊಸದು ಎಲ್ಲಿಂದ ಬರಬೇಕು? ಬೇರೆ ದೇಶದ ಎಂಜಿನ್ ಕೂರಿಸಿದರಾಯಿತು ಎನ್ನುವುದೂ ಸುಲಭದ ಮಾತಲ್ಲ. ಗೇರ್‌ಬಾಕ್ಸ್, ಗಾಳಿ ಒಳಬರುವ ಕೊಳವೆ, ಹೊಗೆ ಹೊರಹೋಗುವ ಕೊಳವೆ, ಎಲ್ಲವೂ ಒಂದೇ ಎಂಜಿನ್ನಿನ ಅಳತೆಗೆ ಕಟ್ಟಿದವು. ಹಾಗಾಗಿ ಬಿಡಿಭಾಗ ಮೊದಲೇ ಕೊಂಡಿಡಬೇಕು. ಕೊಂಡಿಟ್ಟರೆ ಹಣ ಗೋದಾಮಿನಲ್ಲಿ ಕೊಳೆಯುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ನಿಜವಿದೆ. ಹಾಗಿದ್ದರೂ ಎಂಜಿನ್ ಇಲ್ಲದೆ ಬಂದರಿನಲ್ಲಿ ನಿಲ್ಲುವ ಹಡಗಿನ ನಷ್ಟದ ಮುಂದೆ ಅದು ಏನೂ ಅಲ್ಲ.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಸಿದ್ಧಪಡಿಸಿದ ಕಾವೇರಿ ಸಾಗರ ಟರ್ಬೈನ್ ವಿಶಾಖಪಟ್ಟಣದ ಪರೀಕ್ಷಾಕೇಂದ್ರದಲ್ಲಿ ಸುಮಾರು 12 ಮೆಗಾವಾಟ್ ಶಕ್ತಿ ತೋರಿಸಿತ್ತು. ಡೆಸ್ಟ್ರಾಯರ್‌ಗೆ ಅದು ಸಾಲದು, ಒಪ್ಪಿದೆ. ಆದರೆ ಆ ಪ್ರಯತ್ನಕ್ಕೆ ಹಣವೂ ಹಟವೂ ಮುಂದುವರಿಯಬೇಕಿತ್ತು. ಮುಂದಿನ ಪೀಳಿಗೆಯ ಡೆಸ್ಟ್ರಾಯರ್‌ಗಳ ಕರಾರಿಗೆ ಸಹಿ ಹಾಕುವ ಮೊದಲು ಬ್ಲೇಡ್‌ಗಳನ್ನು ಇಲ್ಲೇ ತಯಾರಿಸುವ ಹಕ್ಕನ್ನು ರಕ್ಷಣಾ ಸಚಿವಾಲಯ ಬರೆಸಿಕೊಳ್ಳಲಿ. ಹಡಗಿನ ಎಂಜಿನ್, ರೇಡಾರ್, ಆಯುಧಗಳ ಸ್ವದೇಶಿ ಪ್ರಮಾಣವನ್ನು ಬೇರೆಬೇರೆಯಾಗಿ ಸಂಸತ್ತಿನ ಮುಂದಿಡಲಿ.

— ಓದುಗ, ಕಾರವಾರ