ಶೋಕೇಸಿನ ಬೀಗ ತೆಗೆಯಿರಿ

ನಮ್ಮ ಮನೆಗಳ ಹಾಲಿನಲ್ಲಿ ಒಂದು ಶೋಕೇಸ್ ಇದ್ದೇ ಇರುತ್ತದೆ. ಮೇಲಿನ ಸಾಲಿನಲ್ಲಿ ಗಲ್ಫಿನಿಂದ ಬಂದ ಅತ್ತರಿನ ಖಾಲಿ ಬಾಟಲಿಗಳು, ಅದರ ಕೆಳಗೆ ಚಿನ್ನದ ಅಂಚಿನ ಟೀ ಸೆಟ್, ಮಕ್ಕಳಿಗೆ ಮದ್ರಸದಲ್ಲಿ ಸಿಕ್ಕಿದ ಬಹುಮಾನಗಳು. ಒಂದು ಮೂಲೆಯಲ್ಲಿ ಕವರ್ ಕೂಡ ಬಿಚ್ಚದ ಆಟದ ಸಾಮಾನು. ಕಾರೋ, ವಿಮಾನವೋ, ಕೈಯಲ್ಲಿ ಖಡ್ಗ ಹಿಡಿದ ಗೊಂಬೆಯೋ. ಮನೆಯ ಮಕ್ಕಳು ಅದನ್ನು ಗಾಜಿನ ಹೊರಗಿನಿಂದ ನೋಡಿಯೇ ದೊಡ್ಡವರಾಗುತ್ತಾರೆ. ಕೈ ಚಾಚಿದರೆ ಒಂದೇ ಮಾತು: "ಮುಟ್ಟಬೇಡ, ಹಾಳಾಗುತ್ತದೆ."

ಈ ಮಾತನ್ನು ನಾನು ಬೇರೆಯವರ ಮನೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕಳೆದ ಪೆರ್ನಾಲಿಗೆ ಅದು ನನ್ನ ಬಾಯಿಯಿಂದಲೇ ಬಂತು.

ನನಗೆ ಆಕ್ಷನ್ ಫಿಗರ್‌ಗಳನ್ನು ಸಂಗ್ರಹಿಸುವ ಹುಚ್ಚು. ಕೈಕಾಲು ಮಡಚಬಹುದಾದ ಪ್ಲಾಸ್ಟಿಕ್ ವೀರರು, ಒಟ್ಟು 38 ಮಂದಿ, ನನ್ನ ಕೋಣೆಯ ಗಾಜಿನ ಕಪಾಟಿನಲ್ಲಿ ನಿಂತಿದ್ದಾರೆ. ಪೆರ್ನಾಲಿಗೆ ಬಂದ ತಂಗಿಯ ಮಗ, ಎಂಟು ವರ್ಷದವನು, ಕಪಾಟಿನ ಬಾಗಿಲಿಗೆ ಕೈ ಹಾಕಿದ. ನಾನು ಓಡಿ ಹೋಗಿ ತಡೆದೆ. ಅಡುಗೆಮನೆಯಿಂದ ಉಮ್ಮ ನಗುತ್ತಾ ಹೇಳಿದರು: "ನಿನ್ನ ಮಾಮಿ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವಾ?"

ಆ ರಾತ್ರಿ ಕಪಾಟು ತೆರೆದು, ನನಗೆ ಹೆಚ್ಚು ಇಷ್ಟವಾದ ಕೆಲವನ್ನು ಮೇಜಿನ ಮೇಲಿಟ್ಟು ಮತ್ತೆ ನೋಡಿದೆ. ಒಂದೊಂದಕ್ಕೂ ಎರಡು ಬಗೆಯ ಅಂಕ ಕೊಟ್ಟೆ, ನೋಡುವುದಕ್ಕೆ ಒಂದು, ಆಡುವುದಕ್ಕೆ ಒಂದು. ಆ ಲೆಕ್ಕ ಹೇಳಿದರೆ ನನ್ನ ಅಭಿಪ್ರಾಯ ಯಾಕೆ ಬದಲಾಯಿತೆಂದು ನಿಮಗೆ ತಿಳಿಯುತ್ತದೆ.

ಮೊದಲನೆಯವನು ಜಿ.ಐ. ಜೋ ಬಳಗದ ಸ್ನೇಕ್ ಐಸ್. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ತಂದಾಗ ಅದು 12 ಇಂಚಿನ ದೊಡ್ಡ ಸೈನಿಕ. ಗೊಂಬೆ ಎಂದರೆ ಗಂಡುಮಕ್ಕಳು ಮುಟ್ಟಲಿಕ್ಕಿಲ್ಲ ಎಂಬ ಹೆದರಿಕೆಯಿಂದ 'ಆಕ್ಷನ್ ಫಿಗರ್' ಎಂಬ ಹೆಸರು ಹುಟ್ಟಿದ್ದೇ ಆಗ. 1982ರಲ್ಲಿ ಅದು ಮೂರು ಮುಕ್ಕಾಲು ಇಂಚಿಗೆ ಇಳಿಯಿತು, ಅಂಗೈಯಲ್ಲಿ ಹಿಡಿಯುವಷ್ಟು. ಆ ವರ್ಷ ಖರ್ಚು ಉಳಿಸಲು ಒಬ್ಬ ಸೈನಿಕನಿಗೆ ಬಣ್ಣವನ್ನೇ ಹಚ್ಚಲಿಲ್ಲ. ಬರೀ ಕಪ್ಪು ಪ್ಲಾಸ್ಟಿಕ್, ಮುಖವೂ ಕಾಣದು. ಅವನೇ ಸ್ನೇಕ್ ಐಸ್. ಕಥೆಯಲ್ಲಿ ಅವನಿಗೆ ಮಾತು ಬರುವುದಿಲ್ಲ. ಹಣ ಉಳಿಸಲು ಮಾಡಿದ ಆ ಗೊಂಬೆಯೇ ಮಕ್ಕಳ ಅಚ್ಚುಮೆಚ್ಚಿನದಾಯಿತು. ಮುಖ ಇಲ್ಲದವನಿಗೆ ಆಡುವ ಮಗು ತನಗೆ ಬೇಕಾದ ಮುಖ ಕೊಡಬಹುದಲ್ಲ!

ನನ್ನ ಸ್ನೇಕ್ ಐಸ್ ಫನ್‌ಸ್ಕೂಲಿನವನು. ಟಯರಿನ ಎಂ.ಆರ್.ಎಫ್. ಕಂಪನಿ ಹ್ಯಾಸ್‌ಬ್ರೋ ಜತೆ ಸೇರಿ ಕಟ್ಟಿದ್ದು ಫನ್‌ಸ್ಕೂಲ್. ಎಂ.ಆರ್.ಎಫ್. ಕೂಡ 1946ರಲ್ಲಿ ಮದ್ರಾಸಿನಲ್ಲಿ ಆಟದ ಬಲೂನು ಮಾಡುವ ಸಣ್ಣ ಶೆಡ್ಡಾಗಿ ಶುರುವಾದದ್ದೇ. ಉಪ್ಪನ ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ನೋಟ್‌ಬುಕ್ಕಿನ ನಡುವೆ ಈ ಸೈನಿಕರು ಕಾರ್ಡ್ ಸಮೇತ ಮೊಳೆಗೆ ನೇತಾಡುತ್ತಿದ್ದರು. ಗಿರಾಕಿಗಳು ಕೇಳುತ್ತಿದ್ದದ್ದು "ಆ ಮಿಲಿಟ್ರಿಯವನನ್ನು ಕೊಡಿ" ಎಂದು. ನನಗೆ ಮಾತ್ರ ಹೊಸದು ಸಿಗುತ್ತಿರಲಿಲ್ಲ. "ಮಾರುವ ಸಾಮಾನಿಗೆ ಕೈ ಹಾಕಬೇಡ" ಎಂಬುದು ಉಪ್ಪನ ಕಾನೂನು. ಮುರಿದು ವಾಪಸು ಬಂದದ್ದು ಮಾತ್ರ ನನ್ನ ಪಾಲು. ಈ ಸ್ನೇಕ್ ಐಸ್ ಬಂದದ್ದು ಸೊಂಟ ಬಿಟ್ಟುಕೊಂಡು, ಎರಡು ತುಂಡಾಗಿ.

ಅವನ ಬೆನ್ನಿನ ಸ್ಕ್ರೂ ಬಿಚ್ಚಿದ ದಿನ ನನಗೆ ಇನ್ನೂ ನೆನಪಿದೆ. ಒಳಗೆ ಒಂದು ಸಣ್ಣ ರಬ್ಬರ್ ಬಳೆ, ಅದಕ್ಕೆ ಸಿಕ್ಕಿಸಿದ ಕಬ್ಬಿಣದ ಕೊಕ್ಕೆ. ಎದೆ, ಸೊಂಟ, ಎರಡು ಕಾಲು, ಎಲ್ಲವನ್ನೂ ಎಳೆದು ಹಿಡಿದಿದ್ದದ್ದು ಆ ಒಂದು ರಬ್ಬರ್. ಪಂಪ್ ರಿಪೇರಿ ಅಂಗಡಿಯಲ್ಲಿ ಹುಡುಕಿ ಅದೇ ಅಳತೆಯ ಓ-ರಿಂಗ್ ತಂದು ಹಾಕಿದೆ. ಅವನು ಎದ್ದು ನಿಂತ. ಮುಂದೆ ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಕ್ಕೆ ಕಾರಣ ಏನೆಂದು ಯಾರಾದರೂ ಕೇಳಿದರೆ ಆ ಸ್ಕ್ರೂವನ್ನೇ ತೋರಿಸುತ್ತೇನೆ. ಈಗ ಅವನ ಒಂದು ಹೆಬ್ಬೆರಳು ಇಲ್ಲ, ಮೊಣಕಾಲು ಸಡಿಲ. ನೋಡುವುದಕ್ಕೆ ಹತ್ತರಲ್ಲಿ ನಾಲ್ಕು, ಆಡುವುದಕ್ಕೆ ಹತ್ತಕ್ಕೆ ಹತ್ತು.

ಎರಡನೆಯವನು ಸ್ಟಾರ್ಮ್ ಶ್ಯಾಡೋ, ಸ್ನೇಕ್ ಐಸಿನ ಎದುರಾಳಿ, ಬಿಳಿ ಬಟ್ಟೆಯ ನಿಂಜಾ. ಇವನು ಕಾರ್ಡಿನಿಂದ ಹೊರಗೆ ಬಂದವನೇ ಅಲ್ಲ. ಆರು ವರ್ಷದ ಹಿಂದೆ ಒಂದು ತಿಂಗಳ ಓವರ್‌ಟೈಮ್ ಹಣ ಕೊಟ್ಟು ತಂದದ್ದು. ಭಾರತದಲ್ಲಿ ಮಾಡಿದ ಈ ಗೊಂಬೆಗಳ ಬಣ್ಣ ಎಷ್ಟೋ ಸಲ ಅಮೆರಿಕದ್ದಕ್ಕಿಂತ ಬೇರೆ, ಹಾಗಾಗಿ ವಿದೇಶದ ಸಂಗ್ರಾಹಕರೂ ಇವನ್ನು ಹುಡುಕುತ್ತಾರೆ. ನೋಡುವುದಕ್ಕೆ ಹತ್ತಕ್ಕೆ ಹತ್ತು. ಆಡುವುದಕ್ಕೆ ಎಷ್ಟು? ಪೆನ್ನು ಹಿಡಿದು ಕುಳಿತೆ, ಬರೆಯಲಾಗಲಿಲ್ಲ. ಅವನ ಮೊಣಕೈ ಬಿಗಿಯೋ ಸಡಿಲವೋ ನನಗೇ ತಿಳಿಯದು. ಆರು ವರ್ಷ ಒಂದೇ ಕೋಣೆಯಲ್ಲಿದ್ದರೂ ಅವನ ಪರಿಚಯವೇ ನನಗಿಲ್ಲ.

ಇನ್ನೊಂದು ವಿಷಯ ಉಂಟು. ಜಿ.ಐ. ಜೋ ಕಾರ್ಡಿನ ಹಿಂಬದಿಯಲ್ಲಿ ಆ ಸೈನಿಕನ ಹೆಸರು, ಹುದ್ದೆ, ಗುಣ ಎಲ್ಲ ಬರೆದ ಒಂದು ಚೌಕ ಇರುತ್ತಿತ್ತು. ಲ್ಯಾರಿ ಹಾಮಾ ಎಂಬ ಕಾಮಿಕ್ಸ್ ಲೇಖಕ ಬರೆಯುತ್ತಿದ್ದದ್ದು. ಅದರ ಸುತ್ತ ಕತ್ತರಿಸಿ ತೆಗೆಯಲು ಗೆರೆ ಹಾಕಿರುತ್ತಿದ್ದರು. ಅಂದರೆ ಮಾಡಿದವರೇ ಮಗುವಿಗೆ ಹೇಳಿದ್ದರು, ಕಾರ್ಡು ಕತ್ತರಿಸು ಎಂದು. ನಾವು ದೊಡ್ಡವರು ಅದೇ ಕಾರ್ಡಿಗೆ ಇನ್ನೊಂದು ಪ್ಲಾಸ್ಟಿಕ್ ಹೊದಿಸುತ್ತಿದ್ದೇವೆ.

ಮೂರನೆಯವರು ಕುಸ್ತಿಯವರು, 1990ರಿಂದ ಹ್ಯಾಸ್‌ಬ್ರೋ ತಂದ ಡಬ್ಲ್ಯು.ಡಬ್ಲ್ಯು.ಎಫ್. ಬಳಗ. ನನ್ನಲ್ಲಿ ಅಂಡರ್‌ಟೇಕರ್ ಇದ್ದಾನೆ. ಮೊಣಕೈ ಮಡಚುವುದಿಲ್ಲ, ಸ್ಪ್ರಿಂಗಿನ ಒಂದೇ ಪಟ್ಟು. ಆದರೆ ಗಟ್ಟಿ. ಮಾಳಿಗೆಯಿಂದ ಎಸೆದರೂ ಏನೂ ಆಗದು, ಎಸೆದು ನೋಡಿದ್ದೇವೆ. ಟ್ರಂಪ್ ಕಾರ್ಡ್ ಆಡಿ ಜಗಳ ಬಂದರೆ ತೀರ್ಮಾನ ಇವನಿಂದ. ನೋಡುವುದಕ್ಕೆ ಐದು, ಆಡುವುದಕ್ಕೆ ಎಂಟು.

ಕೊನೆಯವನು ಹೀ-ಮ್ಯಾನ್. ಈ ಬರಹಕ್ಕೆ ಕಾರಣ ಅವನೇ.

ಮ್ಯಾಟೆಲ್ ಕಂಪನಿ 1982ರಲ್ಲಿ ತಂದದ್ದು. ಐದೂವರೆ ಇಂಚು ಎತ್ತರ, ಪೈಲ್ವಾನನ ಮೈ. ಸೊಂಟ ತಿರುಗಿಸಿ ಬಿಟ್ಟರೆ ಒಳಗಿನ ಸ್ಪ್ರಿಂಗ್ ಅವನನ್ನು ರಪ್ಪನೆ ತಿರುಗಿಸಿ ಎದುರಿನವನಿಗೆ ಹೊಡೆಸುತ್ತದೆ. ಖರ್ಚು ಉಳಿಸಲು ವೀರನಿಗೂ ವೈರಿ ಸ್ಕೆಲಿಟರ್‌ಗೂ ಒಂದೇ ಅಚ್ಚಿನ ಎದೆ. ಅವನು ಸವಾರಿ ಮಾಡುವ ಹಸಿರು ಹುಲಿಯ ಅಚ್ಚೂ ಅದೇ ಕಂಪನಿಯ ಹಳೆಯ 'ಬಿಗ್ ಜಿಮ್' ಗೊಂಬೆಗಳ ಹುಲಿಯದು. ಬಹಳ ಚಂದದ ಸಂಗತಿ ಖಡ್ಗದಲ್ಲಿದೆ. ಹೀ-ಮ್ಯಾನ್ ಜತೆ ಬರುವುದು ಅರ್ಧ ಖಡ್ಗ, ಉಳಿದರ್ಧ ಸ್ಕೆಲಿಟರ್ ಜತೆ. ಎರಡನ್ನೂ ಜೋಡಿಸಿದರೆ ಮಾತ್ರ ಪೂರ್ತಿ ಖಡ್ಗ. ಒಬ್ಬನ ಹತ್ತಿರ ಒಂದು, ನೆರೆಮನೆಯವನ ಹತ್ತಿರ ಇನ್ನೊಂದು ಇದ್ದರೆ ಇಬ್ಬರೂ ಸೇರಲೇಬೇಕು.

ನಮ್ಮ ಕುಟುಂಬಕ್ಕೆ ಬಂದ ಹೀ-ಮ್ಯಾನ್ ಮಾಮನ ಮಗನದ್ದು. ನನಗಿಂತ ಏಳು ವರ್ಷ ದೊಡ್ಡವನು, ಇಚ್ಚ ಎಂದೇ ಕರೆಯುವುದು. ಮಾಮ ಶಾರ್ಜಾದಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಊರಿಗೆ. ಒಂದು ಸಲ ಯಾರದ್ದೋ ಕೈಯಲ್ಲಿ ಮಗನಿಗೆಂದು ಇದನ್ನು ಕಳಿಸಿದರು. ಮಾಮಿ ಅದನ್ನು ಹಾಗೆಯೇ ಶೋಕೇಸಿನಲ್ಲಿಟ್ಟು ಬೀಗ ಹಾಕಿದರು. "ಮಾಮ ಬಂದಾಗ ಹೊಸದಾಗಿಯೇ ಕಾಣಬೇಕು" ಎಂದು. ಮಾಮಿಯದ್ದು ಜಿಪುಣತನವಲ್ಲ. ಗಂಡ ಬೆವರು ಸುರಿಸಿ ಕಳಿಸಿದ್ದು ಎಂಬ ಗೌರವ. ಮಾಮ ಬಂದರು, ನೋಡಿದರು, ಹೋದರು. ಇಚ್ಚ ಹತ್ತನೇ ತರಗತಿ ದಾಟಿದ. ಗೊಂಬೆ ಅಲ್ಲಿಯೇ ಇತ್ತು.

ಮಾಮ ಊರಿಗೆ ಪೂರ್ತಿ ಮರಳಿದ ಮೇಲೆ, ಮನೆಗೆ ಬಣ್ಣ ಹೊಡೆಯುವಾಗ ಶೋಕೇಸ್ ಖಾಲಿ ಮಾಡಿದರು. ನನ್ನ ಹುಚ್ಚು ಗೊತ್ತಿದ್ದ ಇಚ್ಚ "ನೀನೇ ಇಟ್ಟುಕೊ" ಎಂದ. ಮಾಮನ ಎದುರಿನಲ್ಲೇ ಹಳದಿಯಾದ ಪ್ಲಾಸ್ಟಿಕ್ ಮುಚ್ಚಳ ಬಿಡಿಸಿದೆ. ಹೀ-ಮ್ಯಾನನ್ನು ಎತ್ತಿ ಕಾಲು ಸ್ವಲ್ಪ ಮುಂದಕ್ಕೆ ಮಾಡಿದ್ದಷ್ಟೇ, ಎರಡೂ ಕಾಲು ಕಳಚಿ ಕೆಳಗೆ ಬಿದ್ದವು. ಒಳಗೆ ಕಾಲನ್ನು ಹಿಡಿದಿದ್ದ ರಬ್ಬರ್ ಒಣಗಿ ಪುಡಿಯಾಗಿತ್ತು. ಒಂದು ದಿನವೂ ಆಡದ ಗೊಂಬೆ! ಮಾಮ ಆ ಕಾಲುಗಳನ್ನು ಎತ್ತಿ ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದರು. "ಇವನು ಆಡಿ ಮುರಿದಿದ್ದರೆ ಒಳ್ಳೆಯದಿತ್ತು" ಎಂದಷ್ಟೇ ಹೇಳಿ ಅಸರ್‌ಗೆ ಹೊರಟರು.

ಇದು ಯಾವ ಕಂಪನಿಯ ತಪ್ಪೂ ಅಲ್ಲ, ವಸ್ತುವಿನ ಗುಣ. ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ ಸಾಕು ಅದನ್ನು ಗಟ್ಟಿ ಮಾಡಿ ಬಿರುಕು ಬಿಡಿಸಲು. ಮೆತ್ತಗಿನ ಪಿ.ವಿ.ಸಿ.ಯಲ್ಲಿ ಅದನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಗೆ ಬಂದು ಮೈಯೆಲ್ಲ ಅಂಟಂಟಾಗುತ್ತದೆ. ಬಿಸಿಲು ತಾಗಿದ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ನಮ್ಮ ಕರಾವಳಿಯ ಸೆಕೆ, ಮಳೆಗಾಲದ ತೇವ ಎರಡೂ ಇದನ್ನು ಬೇಗ ಮಾಡಿಸುತ್ತವೆ. ಬೀಗ ಹಾಕಿದರೆ ಮಗುವಿನ ಕೈ ದೂರ ಇರುತ್ತದೆ, ವಯಸ್ಸು ದೂರ ಇರುವುದಿಲ್ಲ. ಆಡುವ ಗೊಂಬೆಯ ರಬ್ಬರ್ ಹೋದರೆ ಕೂಡಲೇ ತಿಳಿಯುತ್ತದೆ, ಬದಲಿಸಬಹುದು. ಶೋಕೇಸಿನಲ್ಲಿದ್ದದ್ದು ಯಾರಿಗೂ ತಿಳಿಯದೆ ಹಾಳಾಗುತ್ತದೆ.

ದೀನಿನ ಮಾತೂ ಬರುತ್ತದೆ. ಮನೆಯಲ್ಲಿ ಗೊಂಬೆ ಇಡಬಹುದೇ ಎಂದು ಉಮ್ಮ ಆಗಾಗ ಆಕ್ಷೇಪಿಸುತ್ತಿದ್ದರು. ನಾನು ಆಲಿಮ್ ಅಲ್ಲ, ಹಾಗಾಗಿ ಉಸ್ತಾದರ ಹತ್ತಿರ ಹೋಗಿ ಕೇಳಿದೆ. ಆಯಿಶಾ (ರ) ಅವರು ಗೆಳತಿಯರ ಜತೆ ಗೊಂಬೆಗಳಲ್ಲಿ ಆಡುತ್ತಿದ್ದದ್ದು ಸಹೀಹ್ ಬುಖಾರಿಯಲ್ಲಿದೆ, ಅವರಲ್ಲಿ ರೆಕ್ಕೆಯ ಕುದುರೆಯೊಂದಿತ್ತೆಂದು ಅಬೂದಾವೂದಿನಲ್ಲಿದೆ ಎಂದರು. ಮಕ್ಕಳ ಆಟದ ಗೊಂಬೆಗೆ ಉಲಮಾಗಳಲ್ಲಿ ಹಲವರು ರಿಯಾಯಿತಿ ಕೊಟ್ಟಿದ್ದಾರೆ. ಅಲಂಕಾರಕ್ಕೆಂದು ನಿಲ್ಲಿಸಿದ ಪ್ರತಿಮೆಯ ಮಾತು ಬೇರೆ. "ನಿನ್ನದು ಯಾವುದು?" ಎಂದು ಕೇಳಿದರು. ನನಗೆ ಉತ್ತರ ಬರಲಿಲ್ಲ. ಇದರಲ್ಲಿ ಅಭಿಪ್ರಾಯ ಭೇದ ಉಂಟು, ನಿಮ್ಮ ಉಸ್ತಾದರನ್ನೂ ಕೇಳಿ. ಆದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ತಲೆಕೆಳಗು. ರಿಯಾಯಿತಿ ಇರುವ ಆಟವನ್ನು ತಡೆಯುತ್ತೇವೆ, ಆಕ್ಷೇಪ ಇರುವ ಪ್ರದರ್ಶನಕ್ಕೆ ಲೈಟ್ ಹಾಕುತ್ತೇವೆ.

ಸಂಗ್ರಹ ಮಾಡುವ ಗೆಳೆಯರು ನನ್ನ ಮೇಲೆ ಸಿಟ್ಟಾಗಬಹುದು. ಕಾರ್ಡ್ ಬಿಚ್ಚಿದರೆ ಬೆಲೆ ಬೀಳುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ನಾನು ಅಂಗಡಿಯವನ ಮಗ. ಬಿಚ್ಚದ ಸಾಮಾನಿಗೆ ಅಂಗಡಿಯಲ್ಲಿ ಸ್ಟಾಕ್ ಎಂದು ಹೆಸರು. ಮಾರುವ ಉದ್ದೇಶ ಇದ್ದರೆ ಇಡಿ, ಅದು ವ್ಯಾಪಾರ, ತಪ್ಪಿಲ್ಲ. ಮಾರುವುದೂ ಇಲ್ಲ, ಆಡುವುದೂ ಇಲ್ಲ ಎಂದರೆ ಅದು ಏನು? ಉಪ್ಪನ ಕಾನೂನು ಅಂಗಡಿಗೆ ಸರಿ, ಮನೆಗೆ ತಂದದ್ದಕ್ಕಲ್ಲ.

ಒಂದೆರಡು ಎಚ್ಚರಿಕೆ ಮಾತ್ರ ಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಇಂಥವು ಬೇಡ, ಸಣ್ಣ ಬಂದೂಕು, ಖಡ್ಗ ಗಂಟಲಿಗೆ ಹೋದೀತು. ಹಳೆಯ ಗೊಂಬೆಗಳ ಬಣ್ಣದಲ್ಲಿ ಸೀಸ ಇರಬಹುದು, ಬಾಯಿಗೆ ಹಾಕುವ ಪ್ರಾಯದವರಿಂದ ದೂರ ಇಡಿ. ಹೊಸದು ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ, 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗೆ ಅದು ಕಡ್ಡಾಯ. ಮತ್ತೆ ಮನೆಯಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇರಲಿ. ಮುರಿದಾಗ ಬೈಯುವ ಬದಲು ಮಗುವನ್ನು ಹತ್ತಿರ ಕೂರಿಸಿ ಬಿಚ್ಚಿ ತೋರಿಸಿ.

ಪೆರ್ನಾಲ್ ಕಳೆದು ಒಂದು ವಾರಕ್ಕೆ ಸ್ಟಾರ್ಮ್ ಶ್ಯಾಡೋನ ಕಾರ್ಡ್ ಕತ್ತರಿಸಿದೆ. ಮೊಣಕೈ ಬಿಗಿಯೇ ಇತ್ತು, ಆಡುವುದಕ್ಕೆ ಒಂಬತ್ತು. ಅವನೀಗ ತಂಗಿಯ ಮನೆಯಲ್ಲಿದ್ದಾನೆ, ಖಡ್ಗ ಆಗಲೇ ಕಳೆದುಹೋಗಿದೆಯಂತೆ. ಹೀ-ಮ್ಯಾನಿಗೆ ಹೊಸ ರಬ್ಬರ್ ಹಾಕಿ ಇಚ್ಚನ ಮಗನಿಗೆ ಕೊಟ್ಟೆ. ಇಚ್ಚ ಈಗ ತಾನೇ ಶಾರ್ಜಾದಲ್ಲಿದ್ದಾನೆ. ವೀಡಿಯೊ ಕಾಲಿನಲ್ಲಿ ಮಗ ಗೊಂಬೆಯ ಸೊಂಟ ತಿರುಗಿಸಿ ತಿರುಗಿಸಿ ತೋರಿಸಿದ. ಇಚ್ಚ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹೆಂಡತಿಯನ್ನು ಕರೆದು, ತಾನು ಹೋದ ವರ್ಷ ಕಳಿಸಿದ ರಿಮೋಟ್ ಕಾರನ್ನೂ ಶೋಕೇಸಿನಿಂದ ತೆಗೆದು ಕೊಡು ಎಂದ.

ನಿಮ್ಮ ಮನೆಯ ಶೋಕೇಸಿನಲ್ಲಿಯೂ ಒಂದು ಇರಬಹುದು. ಕಳಿಸಿದವರು ಅದನ್ನು ನೋಡುವುದಕ್ಕೆಂದು ಕಳಿಸಿದ್ದಲ್ಲ. ಬೀಗದ ಕೈ ಎಲ್ಲಿದೆ ಎಂದು ಇವತ್ತೇ ಹುಡುಕಿ.