ಬಂದರೋ, ದೇರಳಕಟ್ಟೆಯೋ? ಮಳೆಗೆ ಹೋಗಿ ನೋಡಿ

ನಮ್ಮಲ್ಲಿ ಮನೆ, ಜಾಗ ನೋಡುವ ಗಡಿಬಿಡಿ ಶುರುವಾಗುವುದೇ ಮಳೆ ನಿಂತ ಮೇಲೆ. ರಸ್ತೆ ಒಣಗಿರುತ್ತದೆ, ಗೋಡೆಗೆ ಹೊಸ ಪೈಂಟ್ ಬಳಿದಿರುತ್ತದೆ, ಬ್ರೋಕರ್‌ಗೂ ಪುರುಸೊತ್ತು ಇರುತ್ತದೆ. ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಹೋಗುತ್ತದೆ. ಹಾಲ್, ಕಿಚನ್, ಮಾಡ್ಯುಲರ್ ಕಪಾಟು, ಕಾರ್ ಪಾರ್ಕಿಂಗ್ ಎಲ್ಲ ಅದರಲ್ಲಿ ಉಂಟು. ಮನೆಯ ಹಿಂದೆ ಎಂತ ಉಂಟು ಎನ್ನುವುದು ಮಾತ್ರ ವಿಡಿಯೋದಲ್ಲಿ ಬರುವುದಿಲ್ಲ.

ಮಂಗಳೂರಿನಲ್ಲಿ ಮನೆ ಬೇಕೆನ್ನುವ ನಮ್ಮ ಕುಟುಂಬಗಳ ಬಾಯಲ್ಲಿ ಹೆಚ್ಚಾಗಿ ಬರುವುದು ಎರಡೇ ಕಡೆಯ ಹೆಸರು. ಒಂದು ಬಂದರ್–ಕುದ್ರೋಳಿ, ಇನ್ನೊಂದು ನೇತ್ರಾವತಿ ಸೇತುವೆ ದಾಟಿ ಸಿಗುವ ಕುತ್ತಾರ್–ದೇರಳಕಟ್ಟೆ. ಒಂದೇ ಮೊತ್ತಕ್ಕೆ ಬಂದರಿನಲ್ಲಿ ಹಳೇ ಕಟ್ಟಡದ ಎರಡು ಬೆಡ್‌ರೂಮ್ ಫ್ಲ್ಯಾಟ್ ಸಿಕ್ಕಿದರೆ ಅಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಅಂಗಳ ಇರುವ ಮನೆಯೇ ಸಿಗಬಹುದು. ಅಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡು ಸೇತುವೆ ದಾಟುವವರೇ ಜಾಸ್ತಿ.

ಆದರೆ ಹಣ ಕೊಡುವುದು ಒಬ್ಬರು, ವಾಸ ಮಾಡುವುದು ಇನ್ನೊಬ್ಬರು. ಮಗ ವರ್ಷಕ್ಕೊಮ್ಮೆ ಒಂದು ತಿಂಗಳು ಬಂದು ಹೋಗುತ್ತಾನೆ. ಉಳಿದ ಹನ್ನೊಂದು ತಿಂಗಳು ಅಲ್ಲಿ ಇರುವುದು ಉಮ್ಮ, ಹೆಂಡತಿ, ಮದ್ರಸಕ್ಕೆ ಹೋಗುವ ಮಕ್ಕಳು. ಬಂದರಿನಲ್ಲಿದ್ದರೆ ಉಮ್ಮನಿಗೆ ಮಂಡಿ ನೋವಾದರೂ, ಮಗುವಿಗೆ ಜ್ವರ ಬಂದರೂ ವೆನ್ಲಾಕ್, ಲೇಡಿಗೋಷನ್ ಹತ್ತಿರ. ಮೀನು ಬೇಕಾದರೆ ಧಕ್ಕೆ, ಬಸ್ಸಿಗೆ ಸ್ಟೇಟ್ ಬ್ಯಾಂಕ್. ಕಾರ್ ಓಡಿಸಲು ಬಾರದ ಹೆಂಗಸಿಗೂ ಅಲ್ಲಿ ಯಾರ ಹಂಗೂ ಬೇಡ. ದೇರಳಕಟ್ಟೆಯಲ್ಲಿ ಮೂರು ಮೆಡಿಕಲ್ ಕಾಲೇಜುಗಳ ಆಸ್ಪತ್ರೆ ಉಂಟು, ಕೊಣಾಜೆಯ ಯೂನಿವರ್ಸಿಟಿ ಹತ್ತಿರ. ಮಗಳು ಅಲ್ಲಿಯೇ ಓದುವವಳಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಗಲ್ಲದೆ ಮನೆ ಮೈನ್ ರೋಡಿನಿಂದ ಎರಡು ಕಿಲೋಮೀಟರ್ ಒಳಗಿದ್ದರೆ ಒಂದು ಪ್ಯಾಕೆಟ್ ಹಾಲಿಗೂ ಆಟೊ ಬೇಕು. ಪಂಪ್‌ವೆಲ್ ಫ್ಲೈಓವರ್ 2020ರ ಜನವರಿಯಲ್ಲಿ ತೆರೆಯಿತು, ಸರಿ. ಆದರೂ ಸಂಜೆ ಹೊತ್ತಿಗೆ ಪೇಟೆಯಿಂದ ತೊಕ್ಕೊಟ್ಟು ದಾಟಿ ಮನೆ ಸೇರುವವರ ಸಂಕಟ ದಿನಾ ಹೋಗಿ ಬರುವವರಿಗೇ ಗೊತ್ತು.

ಇದಕ್ಕಿಂತ ದೊಡ್ಡ ವಿಷಯ ಮನೆಯ ಹಿಂದಿನ ಗುಡ್ಡ. ಉಳ್ಳಾಲ ತಾಲೂಕಿನಲ್ಲಿ 'ಪದವು' ಎಂದು ಕೊನೆಗೊಳ್ಳುವ ಊರುಗಳು ಎಷ್ಟೋ ಇವೆ. ಪದವು ಎಂದರೆ ಗುಡ್ಡದ ಮೇಲಿನ ಬಯಲು. ಅದರ ಇಳಿಜಾರನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಮೆಟ್ಟಿಲಿನ ಹಾಗೆ ಸೈಟ್ ಮಾಡಿ, ಒಂದರ ಮೇಲೊಂದು ಮನೆ ಕಟ್ಟಿದ್ದಾರೆ. ಮೇಲಿನ ಮನೆಯ ಕಾಂಪೌಂಡ್ ಗೋಡೆ ಕೆಳಗಿನ ಮನೆಯ ಮಾಡಿಗಿಂತಲೂ ಎತ್ತರ. 2024ರ ಜೂನ್‌ನಲ್ಲಿ ಮುನ್ನೂರಿನ ಮದನಿನಗರದಲ್ಲಿ ಪಕ್ಕದ ಮನೆಯ ಗೋಡೆ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಹೋದರು. 2025ರ ಮೇ ಕೊನೆಗೆ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು, ಅದೇ ದಿನ ದೇರಳಕಟ್ಟೆ ಬಳಿ ಒಂದು ಹೆಣ್ಣುಮಗು. ಆ ಮಯ್ಯಿತ್‌ಗಳಿಗೆ ನಾವೆಲ್ಲ ಹೋಗಿ ಬಂದೆವು. ಮರುವರ್ಷ ಅಂಥದೇ ಜಾಗಕ್ಕೆ ಅಡ್ವಾನ್ಸ್ ಕೊಟ್ಟೆವು.

ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರು ಇದು. ಮುರಕಲ್ಲಿನ ಗುಡ್ಡ ಮೇಲಿಂದ ನೋಡಲು ಗಟ್ಟಿ, ಆದರೆ ಒಳಗಿನ ಮಣ್ಣು ನೀರು ಕುಡಿದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಜಾಗ ನೋಡುವಾಗ ಮೊದಲು ಹಿತ್ತಿಲಿಗೆ ಹೋಗಿ. ಕಡಿದ ಗುಡ್ಡ ಎಷ್ಟು ಎತ್ತರ ಉಂಟು, ಅದಕ್ಕೂ ಮನೆಗೂ ಎಷ್ಟು ಅಂತರ, ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಬಿಟ್ಟಿದ್ದಾರಾ, ಮೇಲಿನ ಮನೆಯವರ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಎಲ್ಲ ನೋಡಿ. ನಾಚಿಕೆ ಬೇಡ, ಮೇಲಿನ ಮನೆಯವರನ್ನೇ ಕೇಳಿ.

ಬಂದರಿನಲ್ಲಿ ಗುಡ್ಡದ ಹೆದರಿಕೆ ಇಲ್ಲ, ಚರಂಡಿಯದ್ದು ಉಂಟು. 2018ರ ಮೇ 29ರಂದು ಅಳಕೆ, ಕೊಟ್ಟಾರ ಚೌಕಿ ಕಡೆ ನೀರು ಮನೆಯೊಳಗೆ ಬಂದದ್ದು ಮರೆಯುವಂಥದ್ದಲ್ಲ. ರಾಜಕಾಲುವೆ ಪಕ್ಕದ ಗ್ರೌಂಡ್ ಫ್ಲೋರ್ ಎಷ್ಟು ಚೀಪ್ ಆದರೂ ನಾನು ಬೇಡ ಎನ್ನುತ್ತೇನೆ. ಫಸ್ಟ್ ಫ್ಲೋರ್ ಆದರೆ ಕೆಟ್ಟುಹೋಗುವುದು ಹೆಚ್ಚೆಂದರೆ ಸ್ಕೂಟರ್. ಬೇಸಿಗೆಯಲ್ಲಿ ಪೇಟೆಗೆ ತುಂಬೆ ಡ್ಯಾಮಿನ ನೀರು ಬರುತ್ತದೆ. ಗುಡ್ಡದ ಮೇಲಿನ ಮನೆಯ ಬಾವಿ ಏಪ್ರಿಲ್‌ನಲ್ಲಿ ಎಷ್ಟು ಇಳಿಯುತ್ತದೆ ಎಂದು ಪಕ್ಕದ ಮನೆಯ ಹೆಂಗಸರನ್ನೇ ಕೇಳಬೇಕು, ಬ್ರೋಕರನ್ನಲ್ಲ.

ಕಾಗದದ ವಿಷಯದಲ್ಲಿ ಎರಡೂ ಕಡೆ ಬೇರೆ ಬೇರೆ ತಲೆನೋವು. ಬಂದರಿನ ಹಳೇ ಮನೆಗೆ ವಾರಸುದಾರರು ಹತ್ತು-ಹದಿನೈದು ಮಂದಿ ಇರಬಹುದು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲೂ ಅದರಲ್ಲಿ ಉಂಟು. ಒಬ್ಬರ ಸಹಿ ಬಿಟ್ಟುಹೋದರೂ ನಾಳೆ ಕೋರ್ಟು. ಜಾಗ ಮೂಲಗೇಣಿಯದ್ದೋ ಎಂದೂ ನೋಡಬೇಕು, ಪೇಟೆಯಲ್ಲಿ ಅದು ಇನ್ನೂ ಮುಗಿದ ಕಥೆಯಲ್ಲ. ಆಚೆ ಕಡೆ ಪಂಚಾಯತ್ ವ್ಯಾಪ್ತಿಯಾದರೆ ಕನ್ವರ್ಷನ್ ಆಗಿದೆಯಾ, 9/11 ಸಿಕ್ಕಿದೆಯಾ, ರಸ್ತೆ ಕಾಗದದಲ್ಲಿ ಉಂಟೋ ಅಥವಾ ಬಾಯಿಮಾತಿನಲ್ಲಿ ಮಾತ್ರವೋ ಎಂಬುದು ಮುಖ್ಯ. "9/11 ಆಗ್ತದೆ, ಮಾಡಿಸಿ ಕೊಡುವ" ಎಂದರೆ ಆಗಿಲ್ಲ ಎಂದೇ ಅರ್ಥ. ಹೊಸ ಫ್ಲ್ಯಾಟ್ ಆದರೆ, ಎಂಟಕ್ಕಿಂತ ಹೆಚ್ಚು ಮನೆಗಳ ಕಟ್ಟಡಕ್ಕೆ ರೇರಾ ನಂಬರ್ ಕೇಳಿ.

ಇಲ್ಲಿ ನಮ್ಮವರು ಗಮನಿಸದ ಒಂದು ಸಂಗತಿ ಉಂಟು. ಬಡ್ಡಿ ಬೇಡ ಎಂದು ಬ್ಯಾಂಕ್ ಸಾಲ ತೆಗೆಯದೆ, ಹದಿನೈದು ವರ್ಷದ ಉಳಿತಾಯ, ಹೆಂಡತಿಯ ಚಿನ್ನ ಎಲ್ಲ ಸೇರಿಸಿ ಪೂರ್ತಿ ಹಣ ಕೊಟ್ಟು ಮನೆ ತೆಗೆಯುವವರು ನಮ್ಮಲ್ಲಿ ಕಡಿಮೆ ಏನಲ್ಲ. ಆ ನಿಯ್ಯತ್ ಒಳ್ಳೆಯದೇ. ಆದರೆ ಸಾಲ ಕೊಡುವ ಬ್ಯಾಂಕ್ ತನ್ನ ವಕೀಲರಿಂದ ಕಾಗದ ನೋಡಿಸುತ್ತದೆ, ಇಂಜಿನಿಯರ್ ಕಳಿಸುತ್ತದೆ. ಕೈಯಿಂದಲೇ ಹಣ ಕೊಡುವವರಿಗೆ ಆ ಕಾವಲು ಇಲ್ಲ. ಅದನ್ನು ನಾವೇ ಮಾಡಿಸಬೇಕು. ಬ್ರೋಕರ್ ತೋರಿಸಿದ ವಕೀಲರು ಬೇಡ, ನಮ್ಮ ಕಡೆಯವರು ಬೇರೆಯೇ ಬೇಕು. ಕಡಿದ ಗುಡ್ಡದ ಜಾಗವಾದರೆ ಒಬ್ಬ ಸಿವಿಲ್ ಇಂಜಿನಿಯರೂ ಬೇಕು. ಅವರಿಗೆ ಕೊಡುವ ಫೀಸು ರಿಜಿಸ್ಟ್ರೇಶನ್ ಖರ್ಚಿನ ಎದುರು ಏನೂ ಅಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ. 1ರಿಂದ ಶೇ. 2ಕ್ಕೆ ಏರಿದೆ. ಸ್ಟ್ಯಾಂಪ್, ಸೆಸ್ ಎಲ್ಲ ಸೇರಿ 60 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷ ಅದಕ್ಕೇ ತೆಗೆದಿಡಬೇಕು.

ಎರಡೇ ಕಡೆ ಯಾಕೆ, ಪೇಟೆಯಲ್ಲಿ ಬೇರೆ ಏರಿಯಾ ಇಲ್ಲವಾ ಎಂದು ಕೇಳಬಹುದು. ಉಂಟು. ಆದರೆ ಹೆಸರು ಕೇಳಿದ ಕೂಡಲೇ "ಅದು ಕೊಟ್ಟಾಯಿತಲ್ಲ" ಎನ್ನುವ ಉತ್ತರ ಸಿಕ್ಕಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಆರಿಸುವ ಮೊದಲೇ ಪಟ್ಟಿ ಸಣ್ಣದಾಗಿರುತ್ತದೆ. ಹೋಗುವುದು ಇಲ್ಲಿಗೇ ಎಂದು ಮಾರುವವರಿಗೂ ಗೊತ್ತು, ಅದಕ್ಕೇ ನೆಟ್ಟಗೆ ಕಡಿದ ಗುಡ್ಡದ ಬುಡಕ್ಕೂ ರೇಟ್ ಸಿಗುತ್ತದೆ. ಪಳ್ಳಿ ಹತ್ತಿರ, ನಮ್ಮವರೇ ಸುತ್ತ ಇದ್ದಾರೆ ಎಂಬ ಧೈರ್ಯ ಬೇಕು, ನಿಜ. ಬಂದರಿನಲ್ಲಿ ಪಳ್ಳಿಯೂ ಉಂಟು, ದೇವಸ್ಥಾನ, ಇಗರ್ಜಿಗಳೂ ಹತ್ತಿರವೇ. ಮಕ್ಕಳು ಎಲ್ಲರ ಜೊತೆ ಆಡಿ ಬೆಳೆಯುವುದಕ್ಕೆ ಚದರ ಅಡಿಯಲ್ಲಿ ಬೆಲೆ ಕಟ್ಟಲಿಕ್ಕೆ ಆಗುವುದಿಲ್ಲ.

ನನ್ನನ್ನು ಕೇಳಿದರೆ, ಗಂಡಸರು ಹೊರದೇಶದಲ್ಲಿದ್ದು ಮನೆಯಲ್ಲಿ ವಯಸ್ಸಾದ ಉಮ್ಮ ಇದ್ದರೆ ಬಂದರಿನ ಸಣ್ಣ ಫ್ಲ್ಯಾಟೇ ಸಾಕು, ಲಿಫ್ಟ್ ಇದ್ದರೆ ಮಾತ್ರ. ಓದುವ ಮಕ್ಕಳು, ಸ್ವಂತ ವಾಹನ ಇದ್ದರೆ ದೇರಳಕಟ್ಟೆಯೇ ಆಗಬಹುದು. ಆದರೆ ಸಮತಟ್ಟಾದ ಜಾಗ, ಮೈನ್ ರೋಡಿನ ಹತ್ತಿರ. ಯಾವುದಾದರೂ ಸರಿ, ಅಗ್ರಿಮೆಂಟಿಗೆ ಮೊದಲು ಆಟಿ ತಿಂಗಳಲ್ಲಿ ಒಂದು ಸಲ, ಮಳೆ ಜೋರಾಗಿ ಹೊಡೆಯುವಾಗಲೇ ಕೊಡೆ ಹಿಡಿದು ಆ ಮನೆಯ ಹಿಂದೆ ಅರ್ಧ ಗಂಟೆ ನಿಂತುಕೊಳ್ಳಿ. ಅಲ್ಲಿ ಇರುವವರು ಯಾರೋ ಅವರನ್ನೂ ಕರೆದುಕೊಂಡು ಹೋಗಿ. ಮಾರುವವರು ಅಷ್ಟು ದಿನ ಕಾಯುವುದಿಲ್ಲ ಎಂದರೆ, ಯಾಕೆ ಎಂದು ಅವರನ್ನೇ ಕೇಳಿ.